ಗುಜರಿಗೆ ಹೊರಟ ಲೇತ್ ಮತ್ತು ನಾನಾಡಿದ ಒಂದು ಮಾತು



ಕಳೆದ ತಿಂಗಳು ಮದುವೆಯೊಂದಕ್ಕೆ ಹೊಳಲ್ಕೆರೆಗೆ ಹೋದವನು ಹಿಂದಿರುಗುವ ಮುನ್ನ ಹಳೆಯ ವಿದ್ಯಾರ್ಥಿಯೊಬ್ಬನ ವರ್ಕ್‌ಶಾಪಿಗೆ ಹೋದೆ. ಅವನ ಹೆಸರು ಇಲ್ಲಿ ಬೇಡ. ಅವನ ಸಹಪಾಠಿಗಳು ಓದುತ್ತಲೇ ಗುರುತಿಸುತ್ತೀರಿ. ಒಳಗೆ ಅರ್ಧ ಜಾಗ ಖಾಲಿಯಾಗಿತ್ತು. ಮೂಲೆಯ ಹಳೆಯ ಲೇತ್ ಯಂತ್ರವನ್ನು ತೋರಿಸಿ, “ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ ಸಾರ್. ಇಂಜಿನ್ ಕೆಲಸವೂ ಬರುತ್ತಿಲ್ಲ. ಇದನ್ನು ಗುಜರಿಯವರಿಗೆ ತೂಕಕ್ಕೆ ಹಾಕ್ತಾ ಇದೀನಿ” ಎಂದ. ಯಂತ್ರದ ಮೈಮೇಲೆ ‘ಮೈಸೂರು ಕಿರ್ಲೋಸ್ಕರ್’ ಎಂಬ ಹೆಸರು ಇನ್ನೂ ಓದುವಂತಿತ್ತು.

ಈ ಹೆಸರು ನಮ್ಮ ಜಿಲ್ಲೆಗೆ ಹೊರಗಿನದಲ್ಲ. 1941ರಲ್ಲಿ ಹರಿಹರದಲ್ಲಿ ಸ್ಥಾಪನೆಯಾದ ಕಾರ್ಖಾನೆಯದು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾಗುವವರೆಗೆ ಹರಿಹರ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಯಂತ್ರಗಳನ್ನು ಮಾಡುವ ಯಂತ್ರಗಳು ನಮ್ಮ ತುಂಗಭದ್ರೆಯ ದಡದಲ್ಲಿ ತಯಾರಾಗುತ್ತಿದ್ದವೆಂಬುದು ನಮಗೆ ಹೆಮ್ಮೆಯ ಸಂಗತಿಯಾಗಿತ್ತು. ಆ ಕಾರ್ಖಾನೆ ಈ ಶತಮಾನದ ಆರಂಭದ ವರ್ಷಗಳಲ್ಲಿ ಬಾಗಿಲು ಮುಚ್ಚಿತು. ಅದರ ಲೇತುಗಳು ಮಾತ್ರ ಅನೇಕ ಊರುಗಳಲ್ಲಿ ತಿರುಗುತ್ತಲೇ ಉಳಿದವು.

ನನ್ನ ಬಾಲ್ಯ ಕಳೆದದ್ದು ಹಿರಿಯೂರು ತಾಲ್ಲೂಕಿನಲ್ಲಿ. 1907ರಲ್ಲಿ ಪೂರ್ಣಗೊಂಡ ಮಾರಿಕಣಿವೆಯ ವಾಣಿವಿಲಾಸ ಸಾಗರದ ನಾಲೆ ನಮ್ಮ ಎತ್ತರದ ಹೊಲವನ್ನು ಮುಟ್ಟುತ್ತಿರಲಿಲ್ಲ. ನಮಗೆ ತೆರೆದ ಬಾವಿಯೇ ಗತಿ, ಐದು ಅಶ್ವಶಕ್ತಿಯ ಡೀಸೆಲ್ ಇಂಜಿನ್ನೇ ಆಧಾರ. ಅಪ್ಪ ಡಿಕಂಪ್ರೆಷನ್ ಲಿವರನ್ನು ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸುತ್ತಿದ್ದರು. ಫ್ಲೈವೀಲಿಗೆ ವೇಗ ಬಂದೊಡನೆ ಲಿವರ್ ಬಿಟ್ಟರೆ ಇಂಜಿನ್ ಕೆಮ್ಮಿ, ಹೊಗೆಯುಗುಳಿ, ಡುಗ್ ಡುಗ್ ಎಂದು ನಡೆಯತೊಡಗುತ್ತಿತ್ತು.

ಎಪ್ಪತ್ತರ ದಶಕದ ಆರಂಭದ ಬರಗಾಲದಲ್ಲಿ ಒಮ್ಮೆ ಅದು ನಿಂತೇಬಿಟ್ಟಿತು. ನಮ್ಮ ಗಡಸು ನೀರಿನ ಸುಣ್ಣ ತಂಪುನೀರಿನ ದಾರಿಯಲ್ಲಿ ಗಟ್ಟಿಕಟ್ಟಿ, ಸಿಲಿಂಡರ್ ಕಾದು, ಪಿಸ್ಟನ್ ಹಿಡಿದುಕೊಂಡಿತ್ತು. ಹೊಲದಲ್ಲಿ ಈರುಳ್ಳಿ ಬಾಡುತ್ತಿತ್ತು. ಮಿಸ್ತ್ರಿ ಸೈಕಲ್ಲಿನಲ್ಲಿ ಬಂದು ಇಂಜಿನ್ ಬಿಚ್ಚಿದರು. ಸಿಲಿಂಡರನ್ನು ಪೇಟೆಗೆ ಒಯ್ದು, ಬೋರ್ ಮಾಡಿಸಿ, ಒಂದು ಅಳತೆ ದೊಡ್ಡದಾದ ಪಿಸ್ಟನ್ನನ್ನೂ ರಿಂಗುಗಳನ್ನೂ ಕೂರಿಸಿದರು. ಶಾಫ್ಟಿಗೆ ನೀಲಿ ಬಣ್ಣ ಸವರಿ ತಿರುಗಿಸಿ, ಬೇರಿಂಗಿನಲ್ಲಿ ಬಣ್ಣ ತಗುಲಿದ ಉಬ್ಬುಗಳನ್ನಷ್ಟೇ ನವಿರಾಗಿ ಕೆರೆದರು. ಮೂರನೆಯ ದಿನ ನೀರು ಬಂತು. ಅಮ್ಮ ಅಂದು ಮಿಸ್ತ್ರಿಗೆ ಬಡಿಸಿದ ಊಟ ಹಬ್ಬದೂಟದಂತಿತ್ತು.

ಮುಂದೆ ನಾನು ಬಿ.ಎಡ್. ಮುಗಿಸಿ ಮೇಷ್ಟ್ರಾದೆ. ಹೀರಿಕೆ, ಸಂಪೀಡನ, ಶಕ್ತಿ, ನಿಷ್ಕಾಸ ಎಂದು ಇಂಜಿನ್ನಿನ ನಾಲ್ಕು ಹಂತಗಳನ್ನು ಹೊಸದುರ್ಗದಲ್ಲೂ ಹೊಳಲ್ಕೆರೆಯಲ್ಲೂ ಎಷ್ಟೋ ಬಾರಿ ಕಪ್ಪುಹಲಗೆಯ ಮೇಲೆ ಬರೆದೆ. ಒಂದು ಇಂಜಿನ್ನನ್ನೂ ಕೈಯಾರೆ ಬಿಚ್ಚಲಿಲ್ಲ. ಆದರೂ ಗಣಿತದಲ್ಲಿ ಅನುತ್ತೀರ್ಣನಾದ ಹುಡುಗನೊಬ್ಬನಿಗೆ ತರಗತಿಯೆದುರೇ, “ನಿನಗೆ ಗ್ಯಾರೇಜೇ ಗತಿ” ಎಂದೆ. ಈ ವರ್ಕ್‌ಶಾಪಿನ ಒಡೆಯ ಅವನೇ.

ಮೊನ್ನೆ ಅವನು ನನಗಾಗಿ ಕೊನೆಯ ಬಾರಿಗೆಂಬಂತೆ ಲೇತ್ ಚಾಲೂ ಮಾಡಿ ಮರೆ ಕೊರೆದು ತೋರಿಸಿದ. ಲೇತಿನ ಲೀಡ್ ಸ್ಕ್ರೂವಿನ ಅಂತರ 6 ಮಿಲಿಮೀಟರ್, ಕೊರೆಯಬೇಕಾದ ಮರೆಯದು 1.5 ಮಿಲಿಮೀಟರ್. “ಒಂದಕ್ಕೆ ನಾಲ್ಕು ಸಾರ್. ನಡೆಸೋದು ಇಪ್ಪತ್ತು ಹಲ್ಲಿನ ಗಿಯರ್, ನಡೆಯೋದು ಎಂಬತ್ತರದು” ಎಂದ, ಕಾಗದ ಮುಟ್ಟದೆಯೇ. ಅನುಪಾತದ ಈ ಲೆಕ್ಕವನ್ನೇ ನಾನು ಅವನಿಗೆ ಕಲಿಸಲಾಗದೆ ಹೋದದ್ದು. ಸೋತವನು ಅವನಲ್ಲ, ನಾನು. ಈ ಮಾತನ್ನು ಅವನಿಗೂ ಹೇಳಿದೆ; ಅವನು ತಲೆ ತಗ್ಗಿಸಿ ಚಹಾ ತರಿಸಿದ.

ಹಳೆಯದೆಲ್ಲ ಚಿನ್ನವೆಂಬ ವಾದ ನನ್ನದಲ್ಲ. ಆ ಇಂಜಿನ್‌ಗಳು ಹೊಗೆಯುಗುಳುತ್ತಿದ್ದವು. ಮರೆಯಿಲ್ಲದ ಬೆಲ್ಟುಗಳು ಬೆರಳುಗಳನ್ನು ಬಲಿ ತೆಗೆದುಕೊಂಡದ್ದೂ ಉಂಟು. ಅವು ಮೂಲೆ ಸೇರಿದ್ದಕ್ಕೆ ಅಂತರ್ಜಲವೂ ಕಾರಣ. ಮೇಲಿಟ್ಟ ಪಂಪು ವಾಯುಭಾರದ ಬಲದಿಂದ ಏಳೆಂಟು ಮೀಟರ್ ಆಳದ ನೀರನ್ನಷ್ಟೇ ಹೀರಬಲ್ಲದು. ನೀರು ಇಳಿದಂತೆ ರೈತರು ಇಂಜಿನ್ನನ್ನು ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ಕೊಳವೆಬಾವಿ ನೂರಾರು ಅಡಿಗೆ ಹೋದಾಗ ಸಬ್‌ಮರ್ಸಿಬಲ್ ಪಂಪು ಬಂತು. ವಾಣಿವಿಲಾಸ ಸಾಗರ 1933ರ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಸಂತೋಷಪಟ್ಟೆವು. ಆದರೆ ಹೋದ ಇಂಜಿನ್‌ಗಳು ಅದರಿಂದ ಮರಳಿ ಬರುವುದಿಲ್ಲ; ಬರಬೇಕಾಗಿಯೂ ಇಲ್ಲ.

ಉಳಿಯಬೇಕಾದದ್ದು ಬಿಚ್ಚಿ ನೋಡುವ ಧೈರ್ಯ, ದೋಷದ ಮೂಲ ಹುಡುಕುವ ತಾಳ್ಮೆ. ಇಂದು ವಸ್ತು ಕೆಟ್ಟರೆ ಎಸೆದು ಹೊಸದನ್ನು ತರುತ್ತೇವೆ. ಪ್ರತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಅಥವಾ ಐ.ಟಿ.ಐ.ಯಲ್ಲಿ ಒಂದು ಹಳೆಯ ಲೇತ್, ಒಂದು ಇಂಜಿನ್ ಚಾಲನೆಯಲ್ಲಿರಲಿ. ಗಾಜಿನ ಹಿಂದೆ ಅಲ್ಲ, ಮಕ್ಕಳ ಕೈಗೆ ಎಟುಕುವಂತೆ, ಸುರಕ್ಷತೆಯ ತಡೆಗಳೊಡನೆ. ವಾರಕ್ಕೊಮ್ಮೆ ಒಬ್ಬ ಮಿಸ್ತ್ರಿ ಬಂದು ಕಲಿಸಲಿ. ಅವರಿಗೆ ಗೌರವಧನ ಸಲ್ಲಲಿ. ಮಕ್ಕಳು ಅವರನ್ನೂ ಮೇಷ್ಟ್ರೇ ಎಂದು ಕರೆಯಲಿ.

ದೀಪಾವಳಿಯವರೆಗೆ ಲೇತನ್ನು ಮಾರದಿರಲು ಅವನು ಒಪ್ಪಿದ್ದಾನೆ. ಗುಜರಿಯವರು ಹೇಳಿದ ಬೆಲೆಯಾದರೂ ಅವನಿಗೆ ದೊರೆಯಬೇಕು. ನನ್ನ ಪಿಂಚಣಿಯಿಂದ ಒಂದು ಪಾಲು ಕೊಡುತ್ತೇನೆ. ನಿಮ್ಮಲ್ಲಿ ಇಂಜಿನಿಯರುಗಳಿದ್ದೀರಿ, ಶಾಲಾ ಸಮಿತಿಗಳಲ್ಲಿರುವವರಿದ್ದೀರಿ. ಅದನ್ನು ಯಾವ ಶಾಲೆಯ ಅಂಗಳದಲ್ಲಿ ಇಳಿಸೋಣವೆಂದು ದಯವಿಟ್ಟು ತಿಳಿಸಿ.