ದೀಪದ ನುಡಿ

ಮನೆಯ ದೀಪವಿರುವುದು ಬೆಳಕಿಗಾಗಿ; ಯಂತ್ರದ ಮೈಮೇಲಿನ ಕಿರುದೀಪವಾದರೋ ಸುದ್ದಿ ಹೇಳುವುದಕ್ಕಾಗಿ. ಕಚೇರಿಗೆ ಹೋಗಿ “ಸರ್ವರ್ ಇಲ್ಲ” ಎಂಬ ಮಾತನ್ನು ಕೇಳಿ ಹಿಂದಿರುಗದ ಗೃಹಸ್ಥರು ವಿರಳ. ಆ ಸರ್ವರೆಂಬ ಗಣಕಯಂತ್ರದಲ್ಲಿ ಸಾಮಾನ್ಯವಾಗಿ ಹಸುರು ದೀಪವು ಕ್ಷೇಮವನ್ನೂ, ಅದರ ಮಿಣುಕು ಕೆಲಸ ನಡೆದಿರುವುದನ್ನೂ, ಕಿತ್ತಳೆ ಬಣ್ಣವು ದೋಷವನ್ನೂ ಸೂಚಿಸುವುವು. ಅವನ್ನು ಓದುವ ಹೊಣೆ ಅಲ್ಲಿನ ನೌಕರರದು. ಆದರೆ ನಾವೇ ಓದಿ ತಿಳಿಯಬೇಕಾದ ದೀಪಗಳುಳ್ಳ ಯಂತ್ರವೊಂದುಂಟು, ಅದು ಮತಯಂತ್ರ.

1957ರಲ್ಲಿ ಕೆ. ಎಸ್. ನಾಗರತ್ನಮ್ಮನವರು ಗುಂಡ್ಲುಪೇಟೆಯಿಂದ ಮೊದಲ ಬಾರಿ ವಿಧಾನಸಭೆಗೆ ಆಯ್ಕೆಯಾದಾಗ ಇಂತಹ ದೀಪಗಳಿರಲಿಲ್ಲ. ಅಭ್ಯರ್ಥಿಗೊಂದು ಪೆಟ್ಟಿಗೆಯಿತ್ತು, ತಮಗೆ ಬೇಕಾದವರ ಪೆಟ್ಟಿಗೆಯೊಳಗೆ ಮತದಾರರು ಚೀಟಿಯನ್ನು ಹಾಕುತ್ತಿದ್ದರು. ಚೀಟಿ ಬಿದ್ದುದನ್ನು ಕೈಯೇ ಬಲ್ಲದು. ಈಗ ಅದೇ ಭರವಸೆಯನ್ನು ದೀಪಗಳಿಂದ ಪಡೆಯಬೇಕಾಗಿದೆ.

ಅದರ ಕ್ರಮ ಹೀಗೆ. ಅಧಿಕಾರಿಯು ತನ್ನ ಬಳಿಯ ಯಂತ್ರದಲ್ಲಿ ಗುಂಡಿಯನ್ನೊತ್ತಿದೊಡನೆ ಅಲ್ಲಿ ಕೆಂಪು ದೀಪವೂ, ಮರೆಯೊಳಗೆ ನಮ್ಮೆದುರಿನ ಯಂತ್ರದಲ್ಲಿ ಹಸುರು ದೀಪವೂ ಹೊತ್ತಿಕೊಳ್ಳುವುವು. ಹಸುರು “ಯಂತ್ರ ಸಿದ್ಧ” ಎಂದು ನಮಗೆ ಹೇಳುವುದು. ಕೆಂಪು “ಮತದಾರರು ಒಳಗಿದ್ದಾರೆ” ಎಂದು ಅಧಿಕಾರಿಗೆ ಹೇಳುವುದು. ನಾವು ನೀಲಿ ಗುಂಡಿಯನ್ನೊತ್ತಿದಾಗ ಆ ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಕೆಂಪು ದೀಪ ಬೆಳಗುವುದು. ಬಳಿಕ ವಿವಿಪ್ಯಾಟಿನ ಗಾಜಿನೊಳಗೆ ಅಚ್ಚಾದ ಚೀಟಿ 7 ಸೆಕೆಂಡು ಕಾಣಿಸಿ ಪೆಟ್ಟಿಗೆಗೆ ಬೀಳುವುದು. ದೀರ್ಘವಾದ ಬೀಪ್ ಸದ್ದು ಕೇಳುವುದು. ಅಲ್ಲಿಗೆ ಕಾರ್ಯ ಪೂರ್ತಿಯಾಯಿತು.

ಇದರಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹಸುರು ದೀಪವು ಕೇವಲ ಆಹ್ವಾನ. ಮತ ಬಿದ್ದಿತೆಂಬುದಕ್ಕೆ ಸಾಕ್ಷಿಯಲ್ಲ. ಗುಂಡಿಯ ಬದಲು ಚಿಹ್ನೆಯನ್ನೇ ಒತ್ತಿ ಹೊರಟುಬಿಡುವ ವೃದ್ಧರುಂಟು. ಅವರ ಹಿಂದೆ ಹಸುರು ದೀಪ ಹಾಗೆಯೇ ಉರಿಯುತ್ತಿರುವುದು.

ಒಂದು ಮತದಿಂದ ಏನಾದೀತೆಂದು ಕೇಳುವವರಿಗೆ ನಮ್ಮ ಚಾಮರಾಜನಗರ ಜಿಲ್ಲೆಯೇ ಉತ್ತರ ಹೇಳಿದೆ. 2004ರ ಚುನಾವಣೆಯಲ್ಲಿ, ಅಂದು ಇದ್ದ ಸಂತೇಮರಹಳ್ಳಿ ಕ್ಷೇತ್ರದಲ್ಲಿ, ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳೂ, ಎ. ಆರ್. ಕೃಷ್ಣಮೂರ್ತಿಯವರಿಗೆ 40,751 ಮತಗಳೂ ಬಂದುವು. ಎಂಬತ್ತೊಂದು ಸಾವಿರಕ್ಕೆ ಮೇಲ್ಪಟ್ಟ ಮತಗಳಲ್ಲಿ ಅಂತರ ಒಂದೇ ಒಂದು! ಸೋತವರ ಕಾರಿನ ಚಾಲಕನಿಗೇ ಅಂದು ಮತ ಹಾಕಲು ಬಿಡುವು ದೊರೆಯಲಿಲ್ಲವೆಂದು ಪತ್ರಿಕೆಗಳು ಬರೆದುವು. ಅಂತಹ ದಿನ ಸದ್ದನ್ನು ಕೇಳದೆಯೇ ಹೊರಬಂದವರು ಒಬ್ಬರಿದ್ದರೂ ಫಲವೇ ಬೇರೆಯಾಗಬಹುದಿತ್ತಲ್ಲವೆ?

ಆದಕಾರಣ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ. ಚುನಾವಣೆ ಬಂದಾಗ, ಹಿಂದಿನ ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರನ್ನೂ, ಮೊದಲ ಬಾರಿ ಮತ ಹಾಕುವ ಮಕ್ಕಳನ್ನೂ ಕೂರಿಸಿಕೊಂಡು ಈ ಕ್ರಮವನ್ನು ತಿಳಿಸಿರಿ: ಹಸುರನ್ನು ನೋಡು, ನೀಲಿಯನ್ನು ಒತ್ತು, ಕೆಂಪನ್ನು ಗಮನಿಸು, ಚೀಟಿಯನ್ನು ಓದು, ಸದ್ದನ್ನು ಕೇಳಿ ಹೊರಡು. ಯಾರಿಗೆ ಹಾಕಬೇಕೆಂಬುದನ್ನು ಮಾತ್ರ ಹೇಳತಕ್ಕದ್ದಲ್ಲ. ಅದು ಅವರವರ ಮನಸ್ಸಿಗೆ ಸೇರಿದ್ದು. ಚೀಟಿ ಕಾಣದಿದ್ದರೆ, ಸದ್ದು ಕೇಳದಿದ್ದರೆ, ನಾಚಿಕೆಪಡದೆ ಅಲ್ಲಿಯೇ ಮತಗಟ್ಟೆಯ ಅಧ್ಯಕ್ಷಾಧಿಕಾರಿಗೆ ತಿಳಿಸಬೇಕು. ಮನೆಗೆ ಬಂದ ಮೇಲೆ ಪರಿತಪಿಸಿ ಫಲವಿಲ್ಲ.