ಗಡಿನಾಡಿನ ಹೋರಾಟ, ಒಳನಾಡಿನ ಋಣ

1956ಕ್ಕೆ ಮೊದಲು ಗುಬ್ಬಿಯಲ್ಲಿ ಹುಬ್ಬಳ್ಳಿಯ ಕಡೆಗೆ ರೈಲು ಹತ್ತಿದ ಪ್ರಯಾಣಿಕನು ಹರಿಹರದವರೆಗೆ ಮೈಸೂರಿನ ನೆಲದಲ್ಲಿಯೇ ಇರುತ್ತಿದ್ದನು. ತುಂಗಭದ್ರೆಯ ಸೇತುವೆ ದಾಟಿದೊಡನೆ ರಾಜ್ಯವೇ ಬದಲಾಗುತ್ತಿತ್ತು. ಆಚೆಯ ರಾಣೆಬೆನ್ನೂರು ಮುಂಬಯಿಗೆ ಸೇರಿತ್ತು. ಕುಣಿಗಲ್ಲಿನಿಂದ ಹಾಸನದ ಮಾರ್ಗವಾಗಿ ಘಟ್ಟವಿಳಿದವನಿಗೆ ಮದರಾಸಿನ ಆಡಳಿತ ಎದುರಾಗುತ್ತಿತ್ತು. ಎರಡು ಕಡೆಯೂ ಕನ್ನಡ ಕೇಳಿಸುತ್ತಿತ್ತು. ಕಂದಾಯ ಕಟ್ಟುವ ಕಚೇರಿ ಮಾತ್ರ ಬೇರೆ. ಕನ್ನಡ ನಾಡು ಮೈಸೂರು, ಮುಂಬಯಿ, ಮದರಾಸು, ಹೈದರಾಬಾದು, ಕೊಡಗು ಎಂದು ಹಂಚಿಹೋಗಿತ್ತು. ಸಣ್ಣಪುಟ್ಟ ಸಂಸ್ಥಾನಗಳ ಲೆಕ್ಕ ಇನ್ನೂ ಬೇರೆ.

ಈ ಹಂಚಿಕೆಯ ನೋವು ಎಲ್ಲರಿಗೂ ಒಂದೇ ಸಮನಾಗಿರಲಿಲ್ಲ. ತುಮಕೂರಿನಂಥ ಒಳನಾಡು ಕನ್ನಡಿಗರದೇ ಆದ ಸಂಸ್ಥಾನದ ನಡುವೆ ಇದ್ದಿತು. 1881ರಷ್ಟು ಹಿಂದೆಯೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಏರ್ಪಟ್ಟಿತ್ತು. ಇಲ್ಲಿನ ಜನ ಹೋರಾಡಲಿಲ್ಲವೆಂದಲ್ಲ. ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಬೇಕಾಯಿತು. 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಆದರೆ ಒಳನಾಡಿನವನು ತನ್ನ ಭಾಷೆಗಾಗಿ ಪರರ ಬಾಗಿಲಲ್ಲಿ ನಿಲ್ಲಬೇಕಾಗಿರಲಿಲ್ಲ.

ಗಡಿನಾಡಿನ ಕಥೆ ಬೇರೆ. ಬೀದರ, ಕಲಬುರಗಿ, ರಾಯಚೂರು ಜಿಲ್ಲೆಗಳು ನಿಜಾಮನ ಆಳಿಕೆಯಲ್ಲಿದ್ದವು. ಅಲ್ಲಿ ಆಡಳಿತದ ಭಾಷೆ ಉರ್ದು. ಮನೆಯಲ್ಲಿ ಕನ್ನಡ ಕಲಿತ ಬಾಲಕನು ಉನ್ನತ ವಿದ್ಯೆಯನ್ನು ಬಯಸಿದರೆ, ಉರ್ದುವಿನಲ್ಲಿ ಬೋಧಿಸುತ್ತಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗಿತ್ತು. ಉರ್ದು ಸೊಗಸಾದ ಭಾಷೆಯೇ. ದೋಷ ಭಾಷೆಯದಲ್ಲ, ಕನ್ನಡವನ್ನು ಮೂಲೆಗೊತ್ತಿದ ಆಡಳಿತದ್ದು. 1947ರ ಆಗಸ್ಟ್ 15ರಂದು ದೇಶವೆಲ್ಲ ಸಂಭ್ರಮಿಸುತ್ತಿರಲು, ನಿಜಾಮನು ಭಾರತಕ್ಕೆ ಸೇರಲೊಪ್ಪದೆ ದೂರ ನಿಂತನು. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿ ಸುಲಿಗೆ, ಹತ್ಯೆಗಳನ್ನು ನಡೆಸಿದರು. ಸ್ವಾಮಿ ರಮಾನಂದ ತೀರ್ಥರ ನಾಯಕತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ಹೋರಾಟಕ್ಕಿಳಿಯಿತು. ಅನೇಕ ಕುಟುಂಬಗಳು ಊರು ಬಿಟ್ಟು ಗಡಿಯಾಚೆಗೆ ಬಂದವು. ಮುಂಡರಗಿಯಂಥ ಸ್ಥಳಗಳಲ್ಲಿ ಶಿಬಿರಗಳು ಹುಟ್ಟಿಕೊಂಡವು. ಅಳವಂಡಿಯ ಶಿವಮೂರ್ತಿಸ್ವಾಮಿಯವರಂಥ ಮುಂದಾಳುಗಳು ತರುಣರನ್ನು ಕೂಡಿಸಿಕೊಂಡು ಗಡಿ ದಾಟಿ ಹೋರಾಡಿದರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದನ್ನು ಪ್ರವೇಶಿಸಿತು. 17ರಂದು ನಿಜಾಮನು ಮಣಿದನು. ಆ ಜನರಿಗೆ ಸ್ವಾತಂತ್ರ್ಯ ಹದಿಮೂರು ತಿಂಗಳು ತಡವಾಗಿ ದೊರೆಯಿತು.

ದೊರೆತ ಮೇಲೂ ಅವರ ಹೋರಾಟ ಮುಗಿಯಲಿಲ್ಲ. ಇನ್ನೂ ಎಂಟು ವರ್ಷ ಅವರು ಹೈದರಾಬಾದು ರಾಜ್ಯದಲ್ಲಿಯೇ ಉಳಿದರು. ಏಕೀಕರಣಕ್ಕಾಗಿ 1953ರಲ್ಲಿ ಅದರಗುಂಚಿ ಶಂಕರಗೌಡರು ಉಪವಾಸ ಕುಳಿತರು. ಹುಬ್ಬಳ್ಳಿಯಲ್ಲಿ ಜನ ರೊಚ್ಚಿಗೆದ್ದರು. ಅದೇ ವರ್ಷ ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆ ಒಡೆಯಿತು. ಏಳು ತಾಲ್ಲೂಕುಗಳು ಮೈಸೂರಿಗೆ ಬಂದವು. ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು.

ಆಗ ಒಳನಾಡು ಏನು ಮಾಡಿತು? ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲಿ ಹೊರಬಿದ್ದಾಗ, ಹಳೆಯ ಮೈಸೂರಿನಲ್ಲಿ ಅನೇಕರು ಏಕೀಕರಣಕ್ಕೆ ಹಿಂಜರಿದರು. ಹಿಂದುಳಿದ ಜಿಲ್ಲೆಗಳು ಬಂದರೆ ಮೈಸೂರಿನ ಹಣವೆಲ್ಲ ಅತ್ತ ಹರಿದುಹೋಗುವುದೆಂದು ಕೆಲವರಿಗೆ ಭಯ. ಅಧಿಕಾರ ಕೈತಪ್ಪುವುದೆಂದು ಮತ್ತೆ ಕೆಲವರಿಗೆ. ಕನ್ನಡಕ್ಕೆ ಎರಡು ರಾಜ್ಯಗಳಿರಲೆಂಬ ವಾದವೂ ಕೇಳಿಬಂದಿತು. ಭಯ ನಿರಾಧಾರವಾಗಿರಲಿಲ್ಲ, ಹೊಸ ಜಿಲ್ಲೆಗಳಿಗೆ ಹಣ ಬೇಕೇ ಬೇಕಾಗಿತ್ತು. ಆದರೆ ಬಡವನಾದನೆಂದು ಒಡಹುಟ್ಟಿದವನನ್ನು ಹೊರಗೆ ನಿಲ್ಲಿಸುವ ಲೆಕ್ಕಾಚಾರವನ್ನು ನ್ಯಾಯವೆನ್ನಲಾಗದು. ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರು ತಮ್ಮ ಸೀಮೆಯ ಅನೇಕರ ವಿರೋಧವನ್ನು ಲೆಕ್ಕಿಸದೆ ಏಕೀಕರಣವನ್ನು ಎತ್ತಿಹಿಡಿದರು. 1956ರ ನವೆಂಬರ್ 1ರಂದು ನಾಡು ಒಂದಾಯಿತು. ಹೆಸರು ಮಾತ್ರ ‘ಮೈಸೂರು’ ಎಂದೇ ಉಳಿಯಿತು. ‘ಕರ್ನಾಟಕ’ ಎನ್ನಲು 1973ರವರೆಗೆ ಕಾಯಬೇಕಾಯಿತು. ಹದಿನೇಳು ವರ್ಷ ಚಿಕ್ಕ ಅವಧಿಯಲ್ಲ.

ಒಂದಾದ ನಾಡೂ ಪೂರ್ಣವಾಗಿರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕನ್ನಡ ನಾಡಿಗೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿದರೂ ಅದು ಕಾರ್ಯಗತವಾಗಲಿಲ್ಲ. ಗಡಿಯ ಗೆರೆ ಎಲ್ಲಿ ಎಳೆದರೂ ಯಾರಾದರೊಬ್ಬರು ಆಚೆ ಉಳಿಯುತ್ತಾರೆ ಎಂಬುದನ್ನು ತುಮಕೂರು ಜಿಲ್ಲೆಯವರಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ಪಾವಗಡ ಈ ಜಿಲ್ಲೆಯದೇ. ಅಲ್ಲಿನ ಎಷ್ಟೋ ಮನೆಗಳಲ್ಲಿ ತೆಲುಗೂ ಕನ್ನಡವೂ ಒಂದೇ ಒಲೆಯ ಬಳಿ ಕುಳಿತಿವೆ.

ಹಳೆಯ ಹಿಂಜರಿಕೆ ಪೂರ್ತಿಯಾಗಿ ಮಾಯವಾಗಿಲ್ಲ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯು ಹಿಂದಿನ ಹೈದರಾಬಾದು ಕರ್ನಾಟಕದವರಿಗೆ ವಿದ್ಯಾಭ್ಯಾಸ, ಉದ್ಯೋಗಗಳಲ್ಲಿ ಮೀಸಲಾತಿಗೆ ಅವಕಾಶ ನೀಡಿತು. ತಮ್ಮ ಪಾಲಿನ ಸೀಟು ಹೋಯಿತೆಂದು ಒಳನಾಡಿನ ಯಾವ ತರುಣನಾದರೂ ಗೊಣಗಿದರೆ, ಅದು 1955ರ ದನಿಯೇ. ಸಾಲ ತೀರಿಸುವುದನ್ನು ದಾನವೆಂದು ಕರೆಯುವುದು ಸರಿಯಲ್ಲ.

ಸೆಪ್ಟೆಂಬರ್ 17ರಂದು ಕಲಬುರಗಿಯಲ್ಲಿ ವಿಮೋಚನೆಯ ನೆನಪಿಗಾಗಿ ಧ್ವಜವೇರುತ್ತದೆ. ಅಂದು ಗುಬ್ಬಿ, ಕುಣಿಗಲ್ಲುಗಳ ಶಾಲೆಗಳಲ್ಲಿಯೂ ಮುಂಡರಗಿ ಶಿಬಿರದ ಕಥೆಯನ್ನು ಹೇಳಬಹುದು. ಅದಕ್ಕೆ ಸರ್ಕಾರದ ಆಜ್ಞೆಯೇನೂ ಬೇಕಾಗಿಲ್ಲ. ಬೆಳಗಿನ ಪ್ರಾರ್ಥನೆಯಾದ ಮೇಲೆ ಹತ್ತು ನಿಮಿಷ ಸಾಕು.