ಮೊದಲು ಆ ರೀಲು ತೊಳೆಸಿ

ಅಲ್ಲಾ ಸ್ವಾಮಿ, ಫೋನಲ್ಲಿ ತೆಗೆದ ಫೋಟೋಗೆ ಹಳೇ ಫಿಲ್ಮಿನ ಬಣ್ಣ ಹಚ್ಚೋ ಆ್ಯಪ್‌ಗೆ ತಿಂಗಳು ತಿಂಗಳು ದುಡ್ಡು ಕಟ್ತೀವಿ. ಊರಿನ ಮನೆಯ ಬೀರುವಿನಲ್ಲಿ, ಪುಟ್ಟ ಡಬ್ಬಿಯೊಳಗೆ, ಅಪ್ಪ ತೆಗೆದು ತೊಳೆಸದೇ ಬಿಟ್ಟ ಅಸಲಿ ರೀಲು ಮಾತ್ರ ಹಾಗೇ ಬಿದ್ದಿರುತ್ತೆ. ಕೇಳಿದ್ರೆ, 'ಇರ್ಲಿ ಬಿಡಿ, ಅದೊಂದು ನೆನಪು' ಅಂತೀವಿ. ನಮ್ಮ ಕಡೆ ಇದಕ್ಕೆ ಸೋಮಾರಿತನ ಅಂತಾರೆ.

'ಇಷ್ಟು ವರ್ಷ ಆಯ್ತು, ಇನ್ನೇನು ಬರುತ್ತೆ?' ಅನ್ನೋದು ಮೊದಲ ನೆಪ. ಸ್ವೀಡನ್ನಿನ ಆಂಡ್ರೆ ಮತ್ತು ಇಬ್ಬರು ಜೊತೆಗಾರರು 1897ರಲ್ಲಿ ಬಲೂನು ಹತ್ತಿ ಉತ್ತರ ಧ್ರುವಕ್ಕೆ ಹೊರಟು ಕಾಣೆಯಾದರು. ಅವರ ದೇಹಗಳೂ ಫಿಲ್ಮೂ ಹಿಮದ ದ್ವೀಪವೊಂದರಲ್ಲಿ ಸಿಕ್ಕಿದ್ದು 1930ರಲ್ಲಿ. ಸ್ಟಾಕ್‌ಹೋಮಿನ ಜಾನ್ ಹರ್ಟ್ಸ್‌ಬರ್ಗ್ ಅದನ್ನು ತೊಳೆದು 93 ಚಿತ್ರ ಉಳಿಸಿದರು. 33 ವರ್ಷ ಕಳೆದಿತ್ತು! ಹಿಮದ ಮೇಲೆ ಬಿದ್ದ ಬಲೂನು, ಅದನ್ನೇ ನೋಡ್ತಾ ನಿಂತ ಇಬ್ಬರು ಇವತ್ತಿಗೂ ಕಾಣ್ತಾರೆ.

'ಹಾಗಾದ್ರೆ ಇನ್ನೂ ಹತ್ತು ವರ್ಷ ಇರಲಿ' ಅನ್ನೋದು ಎರಡನೇ ನೆಪ. ಆ ಫಿಲ್ಮನ್ನು ಕಾಪಾಡಿದ್ದು ಚಳಿ, ಮಾರಾಯ್ರೇ. ತೊಳೆಸದ ರೀಲಿನಲ್ಲಿ ಚಿತ್ರ ಅಂತ ಇರೋದು ಬೆಳಕು ತಾಗಿದ ಹರಳುಗಳ ಮೇಲಿನ ಕೆಲವೇ ಕೆಲವು ಬೆಳ್ಳಿ ಪರಮಾಣು. ಮಂಗಳೂರಿನ ಮಳೆಗಾಲದ ತೇವ, ರಾಯಚೂರಿನ ಬೇಸಿಗೆಯ ಕಾವು ಅದನ್ನು ವರ್ಷ ವರ್ಷವೂ ಅಷ್ಟಷ್ಟೇ ಅಳಿಸುತ್ತೆ. ಮೇಲಿಂದ ಮಸುಕು ಬೇರೆ ಕವಿಯುತ್ತೆ.

ಫಿಲ್ಮು ಉಳಿದರೂ ಅದನ್ನು ತೊಳೆಯೋ ವಿಧಾನ ಉಳಿಯಬೇಕಲ್ಲ? ಕೊಡಾಕ್ರೋಮ್ ಸ್ಲೈಡ್ ಫಿಲ್ಮಿಗೆ ಬಣ್ಣ ಸೇರುತ್ತಿದ್ದದ್ದೇ ತೊಳೆಯುವಾಗ. ಆ ಕೆಲಸ ಮಾಡುತ್ತಿದ್ದ ಕೊನೆಯ ಲ್ಯಾಬು ಅಮೆರಿಕದ ಕಾನ್ಸಾಸ್‌ನಲ್ಲಿತ್ತು. ಅದು ರೀಲು ತಗೊಂಡಿದ್ದು 2010ರ ಡಿಸೆಂಬರ್ 30ರವರೆಗೆ ಮಾತ್ರ. ಆಮೇಲೆ ಬೀರುವಿನಿಂದ ಹೊರಬಂದ ರೀಲುಗಳಿಗೆ ಕಪ್ಪು-ಬಿಳುಪೇ ಗತಿ. ನಮ್ಮ ಮನೆಗಳಲ್ಲಿರೋ ಸಾಮಾನ್ಯ ಕಲರ್ ರೀಲು ಬಹುತೇಕ ಸಿ-41 ಜಾತಿಯದು. ಅದನ್ನು ತೊಳೆಯೋರು ಇನ್ನೂ ಇದ್ದಾರೆ. ಎಷ್ಟು ದಿನ ಇರ್ತಾರೆ ಅಂತ ನೀವು ಗ್ಯಾರಂಟಿ ಕೊಡ್ತೀರಾ?

ಡಬ್ಬಿ ಹುಡುಕಿ. ಹಳೇ ರೀಲು ಅಂತ ಲ್ಯಾಬಿನವರಿಗೆ ಮೊದಲೇ ಹೇಳಿ. ನಾಲ್ಕಿದ್ದರೆ ಒಂದನ್ನೇ ಮೊದಲು ಕೊಟ್ಟು ನೋಡಿ. ಬಣ್ಣ ಬರೋ ಹಾಗಿಲ್ಲ ಅಂದ್ರೆ ಕಪ್ಪು-ಬಿಳುಪಾಗಿ ತೊಳೆಯೋಕಾಗುತ್ತಾ ಕೇಳಿ. ಏನೂ ಬರದಿದ್ರೆ ಒಂದು ಪಿಜ್ಜಾ ದುಡ್ಡು ಹೋಯ್ತು ಅಂದ್ಕೊಳ್ಳಿ.

ಏನಾದ್ರೂ ಬಂದ್ರೆ, ಮಸುಕು ಮಸುಕಾದ ಆ ಗುಂಪಿನಲ್ಲಿ ಎಡಗಡೆ ಕೊನೆಗೆ ನಿಂತೋರು ಯಾರು ಅಂತ ಹೇಳೋಕೆ ಅಜ್ಜಿ ಒಬ್ಬರಿಗೇ ಗೊತ್ತಿರುತ್ತೆ. ಅವರಿಗೆ ಈಗ ಎಷ್ಟು ವಯಸ್ಸು?